ಗರಗಸನ ಒಂಬತ್ತು ಹಾಡುಗಳು

ಮಾರ್ಚ್ 4

ಮಗಳೇ,

ಕಾಗದ ಕಂಡು ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡ. ನಾನೂ ನಿನ್ನಮ್ಮನೂ ಗಟ್ಟಿಯಾಗಿದ್ದೇವೆ. ಫೋನ್ ಮಾಡದೆ ಬರೆಯುತ್ತಿರುವುದು ಹಳೆಯ ಕೋಪಕ್ಕಲ್ಲ. ಫೋನಿನಲ್ಲಿ ಈಗ ನನಗೆ ಯಾರ ಮಾತೂ ತಿಳಿಯುವುದಿಲ್ಲ. ಡಬ್ಬಿಯೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ ಗುಂಯ್‌ಗುಡುತ್ತದೆ, ಅಷ್ಟೆ. ಅಕ್ಷರ ಒತ್ತಿ ಕಳಿಸಿ ಎಂದಳು ನಿನ್ನಮ್ಮ. ತಗಡು ಬಡಿದು ದಪ್ಪಗಾದ ಬೆರಳು, ಒಂದು ಒತ್ತಿದರೆ ಮೂರು ಬೀಳುತ್ತವೆ. ಅದಕ್ಕೇ ಪೆನ್ನು ಹಿಡಿದೆ.

ಟ್ಯಾಂಕರ್ ಕಟ್ಟುವ ಷೆಡ್ಡಿನಲ್ಲಿ ಇಷ್ಟು ವರ್ಷ ಸುತ್ತಿಗೆ, ಗ್ರೈಂಡರ್ ಸದ್ದು ಕುಡಿದದ್ದಕ್ಕೆ ಈಗ ಫಲ ಸಿಕ್ಕಿದೆ. ಎಡಗಿವಿ ಹೋಗಿ ಆಯಿತು. ಬಲಗಿವಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದೆ. ವರ್ಷ ತುಂಬುವುದರೊಳಗೆ ಅದೂ ಹೋಗುತ್ತದೆ, ಮಿಷನ್ ಹಾಕಿದರೂ ಹೆಚ್ಚು ಪ್ರಯೋಜನವಿಲ್ಲ ಎಂದರು ಡಾಕ್ಟರು. "ಮೊದ್ಲೂ ನನ್ನ ಮಾತು ಕಿವಿಗೆ ಹಾಕ್ಕೊಂಡೋರಲ್ಲ, ಈಗ ನೆಪ ಸಿಕ್ತು" ಎನ್ನುತ್ತಾಳೆ ನಿನ್ನಮ್ಮ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹಾಡುಗಾರ ಗರಗಸನ ತಂಡದಲ್ಲಿ ಸೌಂಡ್ ಬೋರ್ಡಿನ ಮುಂದೆ ಕೂರುವವಳು. ದಿನಾ ಅವರ ಮುಖ ನೋಡುತ್ತೀಯ. 'ಹಳಿ ತಪ್ಪಿದ ಊರು' ಆಲ್ಬಮನ್ನು ಒಂದೇ ಒಂದು ಸಲ, ಮೊದಲ ಹಾಡಿನಿಂದ ಒಂಬತ್ತನೆಯವರೆಗೆ, ವೇದಿಕೆಯ ಮೇಲೆ ಪೂರ್ತಿ ಹಾಡಲಿ ಎಂದು ಅವರಿಗೆ ಹೇಳು. ಆ ಆಲ್ಬಮ್ ಬಂದಾಗ ನನಗೆ ಮೀಸೆ ಚಿಗುರುತ್ತಿತ್ತು. ಅಂದಿನಿಂದ ಕಾಯುತ್ತಿದ್ದೇನೆ. ಪ್ರತಿ ಸಲವೂ ಅದರಿಂದ ಎರಡು ಚೂರು ಎಸೆದು, ಯಾರಿಗೂ ಬೇಡದ ಹೊಸ ಹಾಡುಗಳಿಗೆ ಹೋಗಿಬಿಡುತ್ತಾರೆ. ನಮ್ಮ ಅಭಿಮಾನಿ ಬಳಗದವರೆಲ್ಲ ಇದನ್ನೇ ಬೇಡುತ್ತಿದ್ದಾರೆ. ಅವರಿಗಾದರೆ ಇದು ಆಸೆ. ನನಗೆ ಇನ್ನು ಸಮಯವಿಲ್ಲ.

ನಿನ್ನನ್ನು ಏನೂ ಕೇಳಬಾರದು ಎಂದುಕೊಂಡಿದ್ದೆ. ಕೇಳಿದ್ದೇನೆ.

ಅಪ್ಪ


ಮಾರ್ಚ್ 19

ಅಪ್ಪ,

ನಿಮ್ಮ ಕಾಗದ ಮೂರು ಊರು ಅಲೆದು ನನ್ನ ಕೈಸೇರಿತು. ಕಿವಿಯ ವಿಷಯ ಅಮ್ಮ ನನಗೆ ಹೇಳಿರಲಿಲ್ಲ. ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಷೆಡ್ಡಿಗೆ ಹೋಗುವುದನ್ನು ನಿಲ್ಲಿಸಿ.

ಇನ್ನೊಂದು ವಿಷಯ ಆಗುವುದಿಲ್ಲ. ಗರಗಸ ನಮ್ಮ ತಂಡದ ಯಜಮಾನರು, ಅವರು ಏನು ಹಾಡಬೇಕೆಂದು ನಾನು ಹೇಳುವಂತಿಲ್ಲ. ನಿಮ್ಮ ಬಳಗದವರಿಗೂ ಹೇಳಿ, ಬ್ಯಾನರ್ ಹಿಡಿದುಕೊಂಡು ಬಂದು ಕೂಗುವುದು ಬೇಡ. ಅವರಿಗೆ ಇಷ್ಟವಾಗುವುದಿಲ್ಲ.

ಕಾಲೇಜು ಬಿಟ್ಟು ಈ ತಂಡದ ಜೊತೆ ಹೊರಟ ದಿನ "ನಿನ್ನ ಪಾಲಿಗೆ ನಾನಿಲ್ಲ" ಎಂದವರು, ಆ ತಂಡದಿಂದಲೇ ಏನೋ ಬೇಕೆಂದು ಬರೆದದ್ದು ಓದಿ ನಗು ಬಂತು. ನಗು ತುಂಬ ಹೊತ್ತು ಇರಲಿಲ್ಲ. ಔಷಧಿ ತಪ್ಪಿಸಬೇಡಿ.

ನಿಮ್ಮ ಮಗಳು


ಏಪ್ರಿಲ್ 2

ಮಗಳೇ,

ನೀನು ಹುಟ್ಟಿದಾಗಿನಿಂದ ನನ್ನನ್ನು 'ನೀನು' ಎಂದೇ ಕರೆದವಳು. ನಿನ್ನ ಕಾಗದದ ತುಂಬ 'ನೀವು' 'ನಿಮ್ಮ' ನೋಡಿ, ವಿಳಾಸ ತಪ್ಪಿ ಬಂದಿತೇನೋ ಎಂದುಕೊಂಡೆ. ಇರಲಿ, ಅದು ನಾನೇ ಮಾಡಿಕೊಂಡದ್ದು.

ಕಿವಿ ಒಂದೇ ಸಲ ಹೋಗುವುದಿಲ್ಲ, ಒಂದೊಂದನ್ನೇ ಬಿಟ್ಟುಕೊಡುತ್ತದೆ. ಮೊದಲು ಕುಕ್ಕರಿನ ಸೀಟಿ ಹೋಯಿತು. ಆಮೇಲೆ ಹಕ್ಕಿಗಳು. ಆಮೇಲೆ ಹೆಂಗಸರ ಮಾತು. ನಿನ್ನಮ್ಮ ಬಾಯಿ ಆಡಿಸುತ್ತಾಳೆ, ಗಂಟಲ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಮೊನ್ನೆ ಆಲ್ಬಮ್ ಹಾಕಿದೆ. ಡ್ರಮ್ಮು ಇದೆ, ದಪ್ಪ ತಂತಿಯ ಗಿಟಾರ್ ಇದೆ. ಗರಗಸನ ದನಿ ಇರುವ ಕಡೆ ಗೋಡೆಯಾಚೆ ಯಾರೋ ಮರ ಉಜ್ಜುತ್ತಿರುವ ಹಾಗಿದೆ. ಅವರಿಗೆ ಗರಗಸ ಎಂದು ಹೆಸರಿಟ್ಟದ್ದು ಆ ದನಿಗೇ ಅಲ್ಲವೇ. ಎದುರು ನಿಂತು, ದೊಡ್ಡ ಸ್ಪೀಕರಿನಲ್ಲಿ ಕೇಳಿದರೆ ಇನ್ನೂ ಸಿಕ್ಕೀತು. ಇನ್ನು ಎಷ್ಟು ದಿನವೋ ತಿಳಿಯದು.

ನೀನು ತೊಟ್ಟಿಲಲ್ಲಿದ್ದಾಗ ನಿನ್ನಮ್ಮ ಬಟ್ಟೆ ಹೊಲಿಯಲು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ನಿನ್ನನ್ನು ಮಲಗಿಸಲು ನನಗೆ ಬೇರೆ ಹಾಡು ಬರುತ್ತಿರಲಿಲ್ಲ. ಆ ಆಲ್ಬಮ್‌ನ ಮೊದಲ ಹಾಡು ಮುಗಿಯುವುದರೊಳಗೆ ಬೇರೆ ಮಕ್ಕಳಾಗಿದ್ದರೆ ಎದ್ದು ಅಳುತ್ತಿದ್ದವು. ನೀನು ಮೂರನೆಯದಕ್ಕೆ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದೆ. ಅಂಥ ಹುಡುಗಿ ಆ ತಂಡದ ಹಿಂದೆಯೇ ಹೋದಾಗ ನಾನು ಯಾಕೆ ಹಾಗೆ ಕೂಗಾಡಿದೆನೋ.

ಮುಂದಿನ ತಿಂಗಳು ನೀವು ನದಿ ದಂಡೆಯ ಮೈದಾನಕ್ಕೆ ಬರುತ್ತೀರಂತೆ. ಬಳಗದವರೆಲ್ಲ ಬಸ್ಸು ಹಿಡಿದು ಹೊರಟಿದ್ದಾರೆ. ಬೇಕರಿಯವನು ಬ್ಯಾನರ್ ಬರೆಸಿ ಆಗಿದೆ. ಅದರ ಮೇಲೆ ಒಂದೇ ಪದ: ಪೂರ್ತಿ. ಕೈಮುಗಿದು ಕೇಳುತ್ತೇನೆ, ಒಂದು ಮಾತು ಅವರ ಕಿವಿಗೆ ಹಾಕು.

ಅಪ್ಪ


ಏಪ್ರಿಲ್ 21

ಅಪ್ಪ,

ಇದನ್ನು ಓದಿ ಹರಿದುಹಾಕು. ಅಮ್ಮನಿಗೆ ಬೇಕಾದರೆ ಹೇಳು, ಬೇರೆ ಯಾರಿಗೂ ಬೇಡ.

ಯಜಮಾನರಿಗೆ ಹಾಡಿನ ಪದಗಳು ಮರೆತುಹೋಗುತ್ತಿವೆ. ಹಾಡು ಮಾತ್ರವಲ್ಲ. ಹೋಟೆಲಿನಲ್ಲಿ ತಮ್ಮ ಕೋಣೆ ಯಾವುದೆಂದು ತಿಳಿಯದೆ ಮೆಟ್ಟಿಲಲ್ಲಿ ಕೂತಿದ್ದರು ಒಮ್ಮೆ. ಡ್ರಮ್ಮರ್ ಹೆಸರು ಬರದೆ "ಆ ಬಡಿಯೋನು" ಎನ್ನುತ್ತಾರೆ. ಅವನು ತಮಾಷೆ ಎಂದುಕೊಂಡು ನಗುತ್ತಾನೆ, ಆಮೇಲೆ ಹೊರಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾನೆ. ಈ ವಿಷಯ ತಂಡದ ನಾಲ್ಕೈದು ಜನಕ್ಕೆ ಮಾತ್ರ ಗೊತ್ತು.

ವೇದಿಕೆಯ ಮೇಲೆ ಅವರ ಕಾಲ ಬಳಿ, ಸ್ಪೀಕರಿನ ಮರೆಯಲ್ಲಿ, ಒಂದು ಸಣ್ಣ ಪರದೆ ಇರುತ್ತದೆ. ಅದರಲ್ಲಿ ಸಾಲುಗಳು ಓಡುತ್ತವೆ. ಓಡಿಸುವವಳು ನಾನು. ಅವರು ಒಂದು ಉಸಿರು ತಡ ಮಾಡಿದರೆ ನಾನೂ ತಡ ಮಾಡಬೇಕು. ಪರದೆ ಇದ್ದಮೇಲೆ ಒಂಬತ್ತನ್ನೂ ಹಾಡಿಸಬಹುದಲ್ಲ ಎನ್ನಬೇಡ. ಆ ಹಾಡುಗಳು ನಿಲ್ಲದೆ ಒಂದರೊಳಗೊಂದು ನುಗ್ಗುತ್ತವೆ ಎಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನಡುವೆ ನಿಂತು ನೀರು ಕುಡಿಯಲೂ ಜಾಗವಿಲ್ಲ. ಒಂದು ಕಡೆ ಜಾರಿದರೆ ಎಲ್ಲಿದ್ದೇವೆಂದು ಅವರು ಮತ್ತೆ ಹುಡುಕಿಕೊಳ್ಳಲಾರರು.

ಜನ 'ಪೂರ್ತಿ, ಪೂರ್ತಿ' ಎಂದು ಕೂಗಿದಾಗ ಅವರು ಪರದೆಯತ್ತ ಬಗ್ಗಿ ಹುಡುಕುವುದನ್ನು ನಾನು ನೋಡಿದ್ದೇನೆ. ಅವರಿಗೆ ಹಾಡಬೇಕು ಅಪ್ಪ. ನಿನಗಿಂತ ಹೆಚ್ಚು ಆಸೆ ಅವರಿಗಿದೆ. ದಯವಿಟ್ಟು ನಿನ್ನ ಬಳಗವನ್ನು ತಡೆ.

ಮಗಳು


ಮೇ 11

ನನ್ನ ಬಂಗಾರ,

ಬೆಳಿಗ್ಗೆ ಎದ್ದವನೇ ಮುಖ ಕೂಡ ತೊಳೆಯದೆ ಬರೆಯಲು ಕೂತಿದ್ದೇನೆ. ನಿನ್ನ ಕಾಗದ ಬಂದ ಮೇಲೆ ಬಳಗದ ಮನೆಮನೆಗೆ ಹೋಗಿ ಬ್ಯಾನರ್ ಬೇಡ, ಕೂಗುವುದು ಬೇಡ ಎಂದು ಬೇಡಿಕೊಂಡೆ. ಕಾರಣ ಹೇಳುವಂತಿರಲಿಲ್ಲ. ಕಾರಣವಿಲ್ಲದ ಮಾತನ್ನು ಯಾರು ಕೇಳುತ್ತಾರೆ? ಮಗಳು ಆ ಕಡೆ ಸೇರಿದಮೇಲೆ ಪಕ್ಷ ಬದಲಾಯಿಸಿದ ಎಂದರು. ನಾನು ಜೊತೆಗಿದ್ದರೆ ಸ್ವಲ್ಪ ಹಿಡಿತದಲ್ಲಿರುತ್ತಾರೆ ಎಂದು ನಾನೂ ಬಸ್ಸು ಹತ್ತಿದೆ.

ಆದರೆ ನೀನು ಆ ಸಾಲುಗಳನ್ನೆಲ್ಲ ಪರದೆಗೆ ಹಾಕಿ ಒಳಗೊಳಗೇ ಇಷ್ಟು ದೊಡ್ಡ ಕೆಲಸ ಮಾಡಿರುತ್ತೀಯ ಎಂದು ನನಗೇನು ಗೊತ್ತು! ಜನ ಬ್ಯಾನರ್ ಎತ್ತಿದರು, ಕೂಗಿದರು. ನಾನು ಎಳೆದು ಕೂರಿಸಲು ನೋಡುತ್ತಿದ್ದೆ. ಅಷ್ಟರಲ್ಲಿ ಕಾಲಿನ ಕೆಳಗಿನ ನೆಲ ಗುದ್ದತೊಡಗಿತು. ಮೊದಲ ಹಾಡಿನ ಡ್ರಮ್ಮು! ಅದು ಮುಗಿದದ್ದೇ ಎರಡನೆಯದು. ಆಮೇಲೆ ಮೂರನೆಯದು. ಅದೇ ಕ್ರಮ. ದನಿ ನನಗೆ ಅರ್ಧಕ್ಕರ್ಧ ಸಿಕ್ಕಿತು. ಉಳಿದದ್ದನ್ನು ನೆನಪಿನಿಂದ ತುಂಬಿಕೊಂಡೆ. ನಾಲ್ಕನೆಯದನ್ನು ಎತ್ತಿಕೊಂಡರು. ಎತ್ತಿಕೊಂಡು, ಮೈಕು ಕೆಳಗಿಳಿಸಿ, ನಮ್ಮನ್ನೇ ನೋಡುತ್ತ ನಿಂತುಬಿಟ್ಟರು. ಅವರಿಗೂ ತಡೆಯಲಾಗಲಿಲ್ಲವೇನೋ. ಮೈದಾನದ ತುಂಬ ಜನ ಎದ್ದು ಕೈ ಎತ್ತಿ ಕೂಗುತ್ತಿದ್ದರು. ಹುರುಪಿನಲ್ಲಿ ನೀರಿನ ಬಾಟಲಿ ತೂರಿದವರೂ ಇದ್ದರು, ಅದು ತಪ್ಪು. ನಾನು ತಲೆಯ ಮೇಲೆ ಕೈ ಎತ್ತಿ ಚಪ್ಪಾಳೆ ಹೊಡೆದೆ. ಅವರು ನನ್ನನ್ನೇ ನೋಡಿದರು ಮಗಳೇ, ನೇರವಾಗಿ ನನ್ನನ್ನೇ. ನಾನು ನಿಲ್ಲಿಸಲಿಲ್ಲ.

ಆಮೇಲೆ ದೀಪ ಆರಿತು. ಕರೆಂಟು ಹೋಯಿತೆಂದು ಕಾಣುತ್ತದೆ. ಬೇಕರಿಯವನು ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದ. ಬಸ್ಸಿನಲ್ಲಿ ಎಲ್ಲರ ಮುಖ ಜೋತುಬಿದ್ದಿತ್ತು. ಪೂರ್ತಿ ಆಗಲಿಲ್ಲ ಎಂಬ ಬೇಸರವಿರಬೇಕು. ನನಗಿಲ್ಲ. ನೀನು ಅಪ್ಪನಿಗಾಗಿ ಮಾಡಿಸಿದೆ ಎಂದು ಗೊತ್ತು. ಅಷ್ಟು ಸಾಕು.

ನಿನ್ನ ಅಪ್ಪ


ಮೇ 17

ಅಪ್ಪ,

ಕರೆಂಟು ಹೋಗಲಿಲ್ಲ. ದೀಪ ಆರಿಸಿ ಎಂದು ಹೇಳಿದ್ದು ನಾನು.

ನಾನು ಏನನ್ನೂ ಮಾಡಿಸಿರಲಿಲ್ಲ. ಜನರ ಕೂಗಿಗೆ ಅವರೇ ಅಂದಿನ ಹಾಡುಗಳ ಪಟ್ಟಿ ಬದಿಗಿಟ್ಟು ಶುರು ಮಾಡಿಬಿಟ್ಟರು. ಪರದೆಯಲ್ಲಿ ಆ ಹಾಡುಗಳೇ ಇರಲಿಲ್ಲ. ನಾನು ಬೋರ್ಡಿನ ಹಿಂದೆ ಹುಚ್ಚಿಯ ಹಾಗೆ ಹುಡುಕುತ್ತಿದ್ದೆ. ಮೂರು ಹಾಡು ಹೇಗೋ ಬಾಯಿಗೆ ಬಂದವು. ನಾಲ್ಕನೆಯದರ ಮೊದಲ ಸಾಲು ಹಾಡಿದರು. ಮತ್ತೆ ಅದೇ ಸಾಲು. ಮತ್ತೆ ಅದೇ. ಆಮೇಲೆ ನಿಂತರು. ಗಿಟಾರಿನವರು ಒಂದೇ ತುಂಡನ್ನು ಸುತ್ತಿ ಸುತ್ತಿ ನುಡಿಸುತ್ತ ಕಾದರು. ಯಾರೋ ನಕ್ಕರು. ಆಮೇಲೆ ಬೈಗುಳ ಶುರುವಾಯಿತು. ಜನ ಕೂಗಿದ್ದು ಸಂತೋಷಕ್ಕಲ್ಲ ಅಪ್ಪ. ಬಾಟಲಿ ತೂರಿದ್ದು ಹುರುಪಿಗಲ್ಲ. ಒಂದು ಅವರ ಭುಜಕ್ಕೆ ಬಿತ್ತು.

ಅದರ ನಡುವೆ ಮುಂದೆ ಒಬ್ಬನೇ ಒಬ್ಬ ಕೈ ಎತ್ತಿ ಚಪ್ಪಾಳೆ ಹೊಡೆಯುತ್ತಿದ್ದ. ಅಷ್ಟು ದೂರದಿಂದಲೇ ನನಗೆ ಆ ಕೈ ಗುರುತು ಸಿಕ್ಕಿತು. ಹಂಗಿಸುತ್ತಿದ್ದಾನೆ ಎಂದರು ನನ್ನ ಪಕ್ಕದವರು. ಆಗಲೇ ನಾನು ದೀಪ ಆರಿಸಿ ಎಂದದ್ದು.

ಅವರು ಅಂದಿನಿಂದ ಕೋಣೆ ಬಿಟ್ಟು ಬಂದಿಲ್ಲ. ಪತ್ರಿಕೆಯವರು ಬಾಗಿಲಲ್ಲಿದ್ದಾರೆ. ತಡೆ ಎಂದು ಬೇಡಿಕೊಂಡಿದ್ದೆ.

ಮಗಳು


ಜೂನ್ 9

ಚಿನ್ನು,

ನಾನು ಅಮ್ಮ. ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಿನ್ನ ಕಾಗದವನ್ನು ಅವರು ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ನಿಂತೇ ಓದಿದರು. ಓದಿ, ಷರ್ಟು ಹಾಕಿಕೊಂಡು ಬೇಕರಿಗೆ ಹೋದರು. ನಾನೂ ಹಿಂದೆ ಹೋದೆ. "ನನಗ್ಯಾಕೆ ಹೇಳಲಿಲ್ಲ?" ಎಂದು ಕೇಳಿದರು. ಅವನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ, "ನಿಂಗೆ ಗೊತ್ತಿದೆ ಅಂದ್ಕೊಂಡ್ವಿ ಕಣೋ, ಛಲಕ್ಕೆ ಚಪ್ಪಾಳೆ ಹೊಡೀತಿದ್ದೀಯ ಅಂದ್ಕೊಂಡ್ವಿ" ಎಂದ. ಆ ಮಾತು ಇವರಿಗೆ ಕೇಳಿಸಲಿಲ್ಲ. ಅವನು ಬ್ರೆಡ್ಡು ಕಟ್ಟುವ ಕಾಗದದ ಮೇಲೆ ಬರೆದು ತೋರಿಸಬೇಕಾಯಿತು. ಅಂಗಡಿಯಲ್ಲಿ ಜನ ನೋಡುತ್ತಿದ್ದರು.

ಬಳಗ ಮುಚ್ಚಿದರು. ಪ್ಲೇಯರ್ ಮಂಚದ ಕೆಳಗೆ ತಳ್ಳಿದರು. ಬಲಗಿವಿಯೂ ಹೋಗಿದೆ ಚಿನ್ನು. ನನ್ನಿಂದ ಮುಚ್ಚಿಡುತ್ತಿದ್ದಾರೆ. ಮೊನ್ನೆ ಅವರ ಬೆನ್ನ ಹಿಂದೆ ಸ್ಟೀಲಿನ ಮುಚ್ಚಳ ಬೇಕೆಂದೇ ಕೆಡವಿದೆ. ತಿರುಗಲಿಲ್ಲ. ಪಕ್ಕದ ಮನೆಯವಳು ಓಡಿಬಂದಳು.

ಷೆಡ್ಡಿನಿಂದ ಬಿಡಿಸಿದ್ದಾರೆ. ದಿನವಿಡೀ ಕಿಟಕಿಯ ಹತ್ತಿರ ಕೂತು ಬೀದಿ ನೋಡುತ್ತಾರೆ. ಮೂರು ಕಾಗದ ಬರೆದು ಹರಿದರು. ಬಾ ಎಂದು ಅವರು ನಿನ್ನನ್ನು ಕರೆಯುವುದಿಲ್ಲ, ಅವರಿಗೆ ಆ ಧೈರ್ಯವಿಲ್ಲ. ನಾನು ಕರೆಯುತ್ತಿದ್ದೇನೆ.

ಅಮ್ಮ


ಆಗಸ್ಟ್ 26

ಅಪ್ಪ,

ಅಮ್ಮನ ಕಾಗದ ಬಂದು ಬಹಳ ದಿನವಾಯಿತು. ಪ್ರತಿ ವಾರ ಉತ್ತರ ಬರೆಯಲು ಕೂತೆ. ಮೇ ತಿಂಗಳಲ್ಲಿ ನಾನು ಬರೆದದ್ದೆಲ್ಲ ನಿಜ. ಆದರೆ ಅದನ್ನು ಬರೆದ ರೀತಿ ನನ್ನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ.

ತಂಡ ಚದುರಿತು. ಡ್ರಮ್ಮರ್ ಬೇರೆ ಕಡೆ ಸೇರಿದ. ಯಜಮಾನರು ಈಗ ತಮ್ಮ ತಂಗಿಯ ಮನೆಯಲ್ಲಿದ್ದಾರೆ. ಆ ತಂಗಿಯೊಬ್ಬರಿಂದ ಆಗುವುದಿಲ್ಲವೆಂದು ನಾನೂ ಅಲ್ಲೇ ಉಳಿದಿದ್ದೇನೆ. ವ್ಯಾನ್ ಓಡಿಸುತ್ತೇನೆ, ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಕೆಲವು ದಿನ ಚೆನ್ನಾಗಿರುತ್ತಾರೆ. ಕೆಲವು ದಿನ ಷೂ ಹಾಕಿಕೊಂಡು ಕೂತು "ಎಷ್ಟೊತ್ತಿಗೆ ಸ್ಟೇಜು?" ಎನ್ನುತ್ತಾರೆ. ಇಂದು ರಜೆ ಎನ್ನುತ್ತೇನೆ. ಗಿಟಾರ್ ಕೊಟ್ಟರೆ ಮಡಿಲಲ್ಲಿಟ್ಟುಕೊಂಡು ಸವರುತ್ತಾರೆ, ನುಡಿಸುವುದಿಲ್ಲ.

ಆ ಮೈದಾನದ ಸಂಜೆ ಅವರಿಗೆ ನೆನಪಿಲ್ಲ, ಒಂದನ್ನು ಬಿಟ್ಟು. ಕಳೆದ ವಾರ ಊಟದ ನಡುವೆ ಕೇಳಿದರು, "ಕೈ ಎತ್ತಿ ಚಪ್ಪಾಳೆ ಹೊಡೀತಿದ್ನಲ್ಲ ಒಬ್ಬ, ಅವನು ಯಾರು?" ನಮ್ಮಪ್ಪ ಎಂದೆ. "ಒಳ್ಳೆಯವನು. ಅವನ ಮನೆಗೆ ಹೋಗೋಣ" ಎಂದರು. ಮರುದಿನ ಮತ್ತೆ ಕೇಳಿದರು. ಅದರ ಮರುದಿನವೂ.

ಬರುವ ತಿಂಗಳ ಎರಡನೇ ಭಾನುವಾರ ಕರೆತರುತ್ತೇನೆ. ಅವರನ್ನು ಏನೂ ಕೇಳಬೇಡ. ಹಾಡಿನ ಮಾತೇ ಬೇಡ. ನನಗೂ ನಿನ್ನನ್ನು ನೋಡಬೇಕಾಗಿದೆ.

ಮಗಳು


ಸೆಪ್ಟೆಂಬರ್ 15

ಮಗಳೇ,

ನೀವು ಹೋದ ಮೇಲೆ ಮನೆಯಲ್ಲಿ ಕುರ್ಚಿಗಳನ್ನು ಅವು ಇದ್ದ ಹಾಗೇ ಬಿಟ್ಟಿದ್ದೇವೆ.

ಬಂದ ಕೂಡಲೇ ಬಾಗಿಲಲ್ಲಿ ನೀನು ಏನೋ ಹೇಳಿದೆ. ನಾನು ನಿನ್ನ ಮುಖ ನೋಡುತ್ತಿದ್ದೆ, ತುಟಿ ನೋಡಬೇಕೆಂದು ಹೊಳೆಯಲಿಲ್ಲ. ಮತ್ತೊಮ್ಮೆ ಕೇಳಲು ನಾಚಿಕೆಯಾಯಿತು.

ವ್ಯಾನಿನ ಚಕ್ರ ಪಂಕ್ಚರ್ ಆಗಿ ನೀನೂ ಅಮ್ಮನೂ ಟೈರ್ ಅಂಗಡಿಗೆ ಹೋದಾಗ ನಡೆದದ್ದನ್ನು ನಿನಗೆ ಹೇಳಬೇಕು. ಅಂದು ಹೇಳಲು ಆಗಲಿಲ್ಲ. ನಾನು ಅವರನ್ನು ಏನೂ ಕೇಳಲಿಲ್ಲ. ನಿನ್ನ ಮಾತು ಮೀರಲಿಲ್ಲ.

ಅಡುಗೆಮನೆಯ ಮೇಜಿನಲ್ಲಿ ಎದುರುಬದುರು ಕೂತಿದ್ದೆವು. ನೀವು ಹೊರಟಮೇಲೆ ಅವರಿಗೆ ಚಡಪಡಿಕೆ ಶುರುವಾಯಿತು. ಬಾಗಿಲು ನೋಡುವುದು, ನನ್ನನ್ನು ನೋಡುವುದು, ಅಂಗಿಯ ಗುಂಡಿ ತಿರುಚುವುದು. ಸಮಾಧಾನ ಮಾಡೋಣವೆಂದರೆ ನನಗೆ ಅವರ ಮಾತು ಕೇಳಿಸದು. ಎಷ್ಟು ವರ್ಷ ಇವರ ಎದುರು ಒಂದು ಸಲ ಕೂರಬೇಕೆಂದು ಹಂಬಲಿಸಿದ್ದೆ. ಕೂತಿದ್ದೇನೆ, ಇಬ್ಬರೂ ಹೆದರಿದ್ದೇವೆ. ಎದ್ದು ಓಡಿಹೋಗಬೇಕು ಅನ್ನಿಸಿತು.

ಆಗ ನನ್ನ ಮೊಣಕೈಗೆ ಗೊತ್ತಾಯಿತು. ಅವರು ಬೆರಳಿನಿಂದ ಮೇಜು ಬಡಿಯುತ್ತಿದ್ದರು. ಮೊದಲು ಸುಮ್ಮನೆ ಚಡಪಡಿಕೆ ಎಂದುಕೊಂಡೆ. ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟೆ. ಅದು ಮೊದಲ ಹಾಡಿನ ಡ್ರಮ್ಮು. ಅವರ ಮುಖದಲ್ಲಿ ಏನೂ ಇರಲಿಲ್ಲ, ಬೆರಳಿಗೆ ಮಾತ್ರ ಗೊತ್ತಿತ್ತು. ಪದ ಬರಬೇಕಾದ ಜಾಗಕ್ಕೆ ಬಂದರು. ಪದ ಬರಲಿಲ್ಲ. ಮತ್ತೆ ಮೊದಲಿನಿಂದ ಬಡಿದರು.

ನಾನೇ ಹಾಡಿಬಿಟ್ಟೆ. ನನ್ನ ದನಿ ನನಗೇ ಕೇಳಿಸದು. ಎಷ್ಟು ಜೋರೋ, ಎಷ್ಟು ಅಪಸ್ವರವೋ ದೇವರಿಗೇ ಗೊತ್ತು. ಮೊದಲನೆಯದು ಮುಗಿಯಿತು, ಅವರ ಬೆರಳು ಎರಡನೆಯದಕ್ಕೆ ಹೊರಳಿತು, ನಾನೂ ಹೊರಳಿದೆ. ಮೂರನೆಯದರ ಕೊನೆಗೆ ನನಗೆ ಭಯವಾಯಿತು. ನಾಲ್ಕನೆಯದಕ್ಕೆ ಹೋಗಬೇಕೋ ಬೇಡವೋ ಎಂದು ನಿಂತೆ. ಅವರು ನನ್ನ ಕೈ ಹಿಡಿದು ಅಲುಗಿಸಿದರು. ಹೋದೆ. ಐದನೆಯದರ ಹೊತ್ತಿಗೆ ಅವರು ಗಾಳಿಯಲ್ಲಿ ಬರೆಯುವಂತೆ ಬೆರಳಾಡಿಸಿ ಏನೋ ಕೇಳಿದರು. ಯಾರು ಬರೆದದ್ದು ಎಂದು. "ನೀವೇ" ಎಂದೆ. ನಂಬಲಿಲ್ಲ, ತಲೆಯಾಡಿಸಿ ನಕ್ಕರು. ಬರೆದವನನ್ನು ಮೆಚ್ಚಿಕೊಂಡ ಹಾಗೆ ಹುಬ್ಬೇರಿಸಿದರು.

ಎಂಟನೆಯ ಹಾಡಿನಲ್ಲಿ, 'ಬಾಗಿಲು ತೆರೆಯಬೇಡ, ನಾನಿನ್ನೂ ಬಂದಿಲ್ಲ' ಎಂಬಲ್ಲಿ ಅವರ ತುಟಿ ಅಲುಗಿತು. ಅಲ್ಲಿಂದ ಆ ಹಾಡಿನ ಕೊನೆಯವರೆಗೂ ಅಲುಗುತ್ತಲೇ ಇತ್ತು. ಆಗಲೇ ನೀನು ಬಾಗಿಲಲ್ಲಿ ನಿಂತದ್ದು ಕಂಡೆ. ನಿನ್ನನ್ನು ನೋಡಿ ಎದ್ದುಬಿಟ್ಟೆ, ಒಂಬತ್ತನೆಯದಕ್ಕೆ ಹೋಗಲಾಗಲಿಲ್ಲ.

ಒಂದು ಕೇಳುತ್ತೇನೆ, ನಿಜ ಹೇಳು. ನನ್ನ ಮನಸ್ಸಿಗೆ ಹಿತವಾಗಲೆಂದು ಹೇಳಬೇಡ, ಅಂಥದ್ದು ಸಾಕಾಗಿದೆ. ಅವರು ಹಾಡಿದರೇ? ಇಲ್ಲ, ಬರೀ ತುಟಿಯೇ?

ಅಪ್ಪ


ಸೆಪ್ಟೆಂಬರ್ 22

ಅಪ್ಪ,

ಹಾಡಿದರು. ನಾವು ಮೆಟ್ಟಿಲು ಹತ್ತುವಾಗಲೇ ಕೇಳುತ್ತಿತ್ತು. ಅಮ್ಮ ನನ್ನ ಕೈ ಹಿಡಿದು ಅಲ್ಲೇ ನಿಲ್ಲಿಸಿದಳು. ದನಿ ಸಣ್ಣಗಿತ್ತು, ತುದಿ ಸವೆದಿತ್ತು, ಆದರೆ ಅವರದೇ. ಎರಡು ಕಡೆ ಪದದ ಬದಲು ಬರೀ ರಾಗ ಎಳೆದರು.

ನಿಜ ಹೇಳು ಎಂದಿದ್ದೀಯ, ಹೇಳುತ್ತೇನೆ. ನಿನ್ನ ಹಾಡು ಕೇಳುವ ಹಾಗಿರಲಿಲ್ಲ. ಪಕ್ಕದ ಮನೆಯವರು ಹೊರಗೆ ಬಂದು ನಿಂತಿದ್ದರು. ಎಂಟನೆಯದರಲ್ಲಿ ನೀನು ಒಂದು ಸಾಲು ಹಿಂದೆ ಬಿದ್ದೆ. ಅವರು ನಿಂತು, ನೀನು ಬಂದು ಸೇರುವವರೆಗೂ ಕಾದು, ಮುಂದಿನ ಸಾಲು ಎತ್ತಿಕೊಂಡರು. ಇಷ್ಟು ವರ್ಷದಲ್ಲಿ ಅವರು ಯಾರಿಗೂ ಹಾಗೆ ಕಾದದ್ದನ್ನು ನಾನು ನೋಡಿಲ್ಲ.

ಇದರಿಂದ ಅವರಿಗೆ ವಾಸಿಯಾಗುತ್ತದೆ ಎಂದುಕೊಳ್ಳಬೇಡ. ಮರುದಿನ ನನ್ನನ್ನು ನರ್ಸು ಎಂದುಕೊಂಡರು. ಮೊನ್ನೆ ತಂಗಿಯನ್ನೇ ಯಾರು ಎಂದು ಕೇಳಿದರು. ಡಾಕ್ಟರು ಹೇಳಿದ್ದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ.

ಬಾಗಿಲಲ್ಲಿ ನಾನು ಹೇಳಿದ್ದು ದೊಡ್ಡ ಮಾತಲ್ಲ. "ಎಷ್ಟು ಇಳಿದುಹೋಗಿದ್ದೀಯ ಅಪ್ಪ" ಎಂದೆ.

ಅಂದು ವಾಪಸು ಬರುವಾಗ ವ್ಯಾನಿನಲ್ಲಿ ಯಜಮಾನರು ಕಣ್ಣುಮುಚ್ಚಿ ಕೂತಿದ್ದರು. ಮಲಗಿದ್ದಾರೆ ಎಂದುಕೊಂಡೆ. ರೈಲ್ವೆ ಗೇಟು ಹಾಕಿತ್ತು, ಕಾಯುತ್ತಿದ್ದೆವು. ಆಗ ನನ್ನ ಕಡೆ ತಿರುಗಿ, ಸಿಟ್ಟಿನಲ್ಲಿ, ದೂರು ಕೊಡುವವರ ಹಾಗೆ ಹೇಳಿದರು:

"ಆ ಮನುಷ್ಯ ಕೊನೇ ಹಾಡು ಬಿಟ್ಟೇಬಿಟ್ಟ. ಪೂರ್ತಿ ಹಾಡಬೇಕಿತ್ತು."

ಈ ಭಾನುವಾರ ಕರೆತರುತ್ತೇನೆ. ಅಷ್ಟರಲ್ಲಿ ಒಂಬತ್ತನೆಯದನ್ನು ಅಭ್ಯಾಸ ಮಾಡಿಕೊಂಡಿರು.

ನಿನ್ನ ಮಗಳು